ತಳಿಗಾಗಿ ಸಾಕುವ ಕೋಳಿಗಳಲ್ಲಿ ಉಸಿರಾಟದ ರೋಗ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಕೋಳಿಗಳನ್ನು ಮನೆಯ ಉಪಯೋಗಕ್ಕೆಂದು ಸಾಕುವುದು ಬೇರೆ. ತಳಿಗೆಂದು ಸಾಕುವುದು ಬೇರೆ. ಒಂದೆರಡು ಒಳ್ಳೆಯ ಹುಂಜಗಳನ್ನೂ ಹತ್ತಿಪ್ಪತ್ತು ಹೇಂಟೆಗಳನ್ನೂ ಆರಿಸಿ ಇಟ್ಟುಕೊಂಡು, ಅವುಗಳಿಂದ ಮರಿ ಮಾಡಿಸಿ ನೆರೆಹೊರೆಯವರಿಗೆ ಕೊಡುವ ಭೂಮಾಲಿಕರು ನಮ್ಮ ಗ್ರಾಮಗಳಲ್ಲಿ ಅನೇಕರಿದ್ದಾರೆ. ಇಂಥವರ ಹಿಂಡು ಆ ಊರಿಗೆ ಬಿತ್ತನೆಯ ಕಣಜವಿದ್ದ ಹಾಗೆ. ಕಣಜದ ಬೀಜ ಒಳ್ಳೆಯದಾಗಿದ್ದರೆ ಊರಿನ ಹೊಲಗಳೆಲ್ಲವೂ ಒಳ್ಳೆಯದಾಗುವುವು; ಬೀಜದಲ್ಲಿಯೇ ಕೇಡಿದ್ದರೆ ಆ ಕೇಡು ಎಲ್ಲರ ಹೊಲಕ್ಕೂ ಹೋಗುವುದು.

ಜೋಳದ ಕಾಡಿಗೆ ರೋಗವು ಬೀಜದೊಡನೆ ಹೊಲಕ್ಕೆ ಬರುವುದೆಂಬುದನ್ನು ರೈತರೆಲ್ಲರೂ ಬಲ್ಲರು. ಕೋಳಿಗಳಲ್ಲಿಯೂ ಅಂತಹುದೇ ಒಂದು ರೋಗವುಂಟು. ಅದು ಉಸಿರಾಟದ ರೋಗ. ಅದು ತಾಯಿಕೋಳಿಯಿಂದ ಮೊಟ್ಟೆಯೊಳಕ್ಕೂ, ಮೊಟ್ಟೆಯಿಂದ ಮರಿಗೂ ಸಾಗುವುದು. ಜೋಳದ ಬೀಜಕ್ಕೆ ಗಂಧಕದ ಪುಡಿಯನ್ನು ಸವರಿ ಕಾಡಿಗೆಯನ್ನು ತಡೆಯಬಹುದು. ಏಕೆಂದರೆ ಆ ಕೇಡು ಬೀಜದ ಹೊರಮೈಯಲ್ಲಿರುವುದು. ಮೊಟ್ಟೆಯ ಕೇಡಾದರೋ ಚಿಪ್ಪಿನ ಒಳಗೇ ಇರುವುದು. ಹೊರಗಿನ ಯಾವ ಪುಡಿಯೂ ಅದನ್ನು ಮುಟ್ಟಲಾರದು. ಆದಕಾರಣ ತಳಿಯ ಹಿಂಡಿನಲ್ಲಿ ಕೋಳಿ ಸೀನಿದರೆ, "ಔಷಧ ಕೊಟ್ಟೆವು, ವಾಸಿಯಾಯಿತು" ಎಂದು ಸುಮ್ಮನಾಗುವುದು ಸಾಲದು. ವಾಸಿಯಾದ ಮೇಲೆ ಆ ಕೋಳಿಯನ್ನು ತಳಿಗೆ ಬಳಸಬಹುದೇ ಎಂಬುದೇ ಮುಖ್ಯವಾದ ಪ್ರಶ್ನೆ. ಈ ಲೇಖನದಲ್ಲಿ ಅದನ್ನೇ ವಿವರಿಸಲು ಯತ್ನಿಸಿದೆ.

ಕೋಳಿಯ ಉಸಿರಾಟದ ಅಂಗಗಳು

ಕೋಳಿಯ ಶ್ವಾಸಕೋಶಗಳು ನಮ್ಮವುಗಳಂತೆ ಹಿಗ್ಗಿ ಕುಗ್ಗುವುದಿಲ್ಲ. ಅವು ಚಿಕ್ಕವಾಗಿದ್ದು ಪಕ್ಕೆಲುಬುಗಳಿಗೆ ಅಂಟಿಕೊಂಡಿರುತ್ತವೆ. ಅವುಗಳಿಗೆ ಸೇರಿದಂತೆ ಒಂಬತ್ತು ಗಾಳಿಚೀಲಗಳು ಎದೆ, ಹೊಟ್ಟೆ, ಕತ್ತು ಇವುಗಳಲ್ಲೆಲ್ಲಾ ಹರಡಿ, ಕೆಲವು ಮೂಳೆಗಳ ಒಳಕ್ಕೂ ಹೋಗಿವೆ. ಉಸಿರನ್ನು ತಿದಿಯಂತೆ ಎಳೆದು ಬಿಡುವುದು ಈ ಚೀಲಗಳ ಕೆಲಸ. ಆರೋಗ್ಯವಾದ ಕೋಳಿಯ ಗಾಳಿಚೀಲವು ಸೋಪಿನ ಗುಳ್ಳೆಯಂತೆ ತೆಳ್ಳಗೆ ತಿಳಿಯಾಗಿರುವುದು. ರೋಗ ಹಿಡಿದ ಕೋಳಿಯಲ್ಲಿ ಅದು ಮಬ್ಬಾಗಿ, ದಪ್ಪವಾಗಿ, ಮೊಸರಿನ ಗಡ್ಡೆಯಂತಹ ಹಳದಿಯ ಪದಾರ್ಥದಿಂದ ತುಂಬಿರುವುದು. ಈ ಚೀಲಗಳಲ್ಲಿ ರಕ್ತನಾಳಗಳು ಬಹು ವಿರಳ. ರಕ್ತ ಹರಿಯದ ಸ್ಥಳಕ್ಕೆ ಔಷಧವೂ ಸರಿಯಾಗಿ ಸೇರುವುದಿಲ್ಲ. ಈ ಕಾರಣದಿಂದ ಕೋಳಿಗಳ ಉಸಿರಾಟದ ರೋಗವು ಒಮ್ಮೆ ಆಳಕ್ಕೆ ಇಳಿದರೆ ಬೇರುಸಹಿತ ಹೋಗುವುದು ಕಷ್ಟ.

ರೋಗವನ್ನು ಮೊದಲೇ ತಿಳಿಯುವ ಬಗೆ

ಹಗಲಿನಲ್ಲಿ ಕೋಳಿಗಳು ಕೆದಕುತ್ತಾ ಕೂಗುತ್ತಾ ಇರುವಾಗ ಸಣ್ಣ ಸೀನು ಕಿವಿಗೆ ಬೀಳದು. ಆದುದರಿಂದ ರಾತ್ರಿ ಕೋಳಿಗಳು ಅಡ್ಡಕೋಲಿನ ಮೇಲೆ ಕುಳಿತು ಒಂದು ಗಂಟೆ ಕಳೆದ ನಂತರ, ದೀಪವಿಲ್ಲದೆ ಗೂಡಿನ ಬಳಿಗೆ ಹೋಗಿ, ಐದು ನಿಮಿಷ ಅಲುಗಾಡದೆ ನಿಂತು ಕೇಳಬೇಕು. ಆರೋಗ್ಯವಾದ ಹಿಂಡಿನಿಂದ ಉಸಿರಿನ ಶಬ್ದವೇ ಬಾರದು. ಗೊರಗೊರ ಶಬ್ದವಾಗಲಿ, ಸಿಳ್ಳಿನಂತಹ ಎಳೆತವಾಗಲಿ, ಸೀನಾಗಲಿ ಕೇಳಿಬಂದರೆ ಹಿಂಡಿನಲ್ಲಿ ರೋಗವಿದೆಯೆಂದು ತಿಳಿಯತಕ್ಕದ್ದು. ವಾರಕ್ಕೊಮ್ಮೆ ಹೀಗೆ ಕೇಳುವ ಅಭ್ಯಾಸವನ್ನು ಇಟ್ಟುಕೊಂಡರೆ ಯಾವ ಖರ್ಚೂ ಇಲ್ಲದೆ ರೋಗವು ಮೊದಲ ಹಂತದಲ್ಲಿಯೇ ಪತ್ತೆಯಾಗುವುದು.

ಹಗಲಿನಲ್ಲಿ ನೋಡತಕ್ಕ ಗುರುತುಗಳೆಂದರೆ: ಮೂಗಿನ ಹೊಳ್ಳೆಗಳಲ್ಲಿ ಸಿಂಬಳ ಒಣಗಿ ಧೂಳು ಅಂಟಿರುವುದು, ಕಣ್ಣಿನಲ್ಲಿ ನೊರೆ, ಕೊಕ್ಕನ್ನು ತೆರೆದು ಉಸಿರಾಡುವುದು, ತಲೆಯನ್ನು ಪದೇ ಪದೇ ಕೊಡವುವುದು, ರೆಕ್ಕೆಯ ಗರಿಗಳ ಮೇಲೆ ಸಿಂಬಳದ ಕಲೆ. ಕೋಳಿಯು ಮೂಗನ್ನು ರೆಕ್ಕೆಗೆ ಒರಸಿಕೊಳ್ಳುವುದರಿಂದ ಈ ಕಲೆಯುಂಟಾಗುವುದು; ಉಳಿದ ಗುರುತುಗಳು ಮರೆಯಾದಾಗಲೂ ಇದೊಂದು ಮೋಸ ಮಾಡುವುದಿಲ್ಲ.

ಎಲ್ಲ ಸೀನೂ ಒಂದೇ ರೋಗವಲ್ಲ

ಉಸಿರಾಟಕ್ಕೆ ತೊಂದರೆ ಕೊಡುವ ಕಾರಣಗಳು ಅನೇಕ. ಅವುಗಳನ್ನು ನಿಶ್ಚಯವಾಗಿ ಹೇಳುವುದು ಪಶುವೈದ್ಯರ ಮತ್ತು ಪ್ರಯೋಗಶಾಲೆಯ ಕೆಲಸ. ಆದರೂ ಈ ಕೆಳಗಿನ ಭೇದಗಳನ್ನು ಮಾಲಿಕರು ತಿಳಿದಿರುವುದು ಒಳ್ಳೆಯದು.

1. ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿಯಲ್ಲಿಯೂ ಕಂಡುಬಂದ ಈ ರೋಗವು, ನಮ್ಮ ದೇಶದಲ್ಲಿ ಕುಮಾವ್ ಬೆಟ್ಟಗಳ ರಾಣಿಖೇತಿನಲ್ಲಿ ಗುರುತಿಸಲ್ಪಟ್ಟುದರಿಂದ ಆ ಊರಿನ ಹೆಸರನ್ನೇ ಪಡೆಯಿತು. ಬಾಯಿ ತೆರೆದು ಏದುಸಿರು, ಹಸಿರು ಬಣ್ಣದ ಭೇದಿ, ಕಾಲು ರೆಕ್ಕೆಗಳು ಬೀಳುವುದು, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣಗಳು. ಲಸಿಕೆ ಹಾಕದ ಹಿಂಡಿನಲ್ಲಿ ಕೆಲವೇ ದಿನಗಳಲ್ಲಿ ಬಹುಭಾಗ ಸಾಯುವುದು. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷಣೆ.

2. ಕೋಳಿ ನೆಗಡಿ. ಒಂದರಿಂದ ಮೂರು ದಿನಗಳಲ್ಲಿಯೇ ಹಿಂಡಿನಲ್ಲೆಲ್ಲಾ ಹರಡುವುದು. ಮುಖವು ಊದಿ ಕಣ್ಣು ಮುಚ್ಚುವುದು. ಮೂಗಿನಿಂದ ದುರ್ವಾಸನೆಯುಳ್ಳ ಸಿಂಬಳ ಸುರಿಯುವುದು. ಇದು ಔಷಧಕ್ಕೆ ಬಗ್ಗುವುದು. ಮೊಟ್ಟೆಯ ಮೂಲಕ ಸಾಗುವುದಿಲ್ಲ. ಆದರೆ ಬದುಕಿ ಉಳಿದ ಕೋಳಿಯು ರೋಗಾಣುವನ್ನು ಹೊತ್ತೇ ಇರುವುದು.

3. ಶ್ವಾಸನಾಳದ ಅಂಟುರೋಗ. ಇದೂ ಒಂದು ವೈರಾಣುವಿನಿಂದ ಬರುವುದು. ಎಳೆಯ ಮರಿಗಳು ಏದುಸಿರು ಬಿಡುವುವು. ದೊಡ್ಡ ಹೇಂಟೆಗಳಲ್ಲಿ ಸೀನು ಬೇಗ ನಿಂತರೂ ಮೊಟ್ಟೆ ಇಳಿದುಹೋಗುವುದು. ಚಿಪ್ಪು ಸುಕ್ಕಾಗಿ ಮೆತ್ತಗಾಗುವುದು. ಒಡೆದು ನೋಡಿದರೆ ಬಿಳಿಯ ಭಾಗವು ನೀರಿನಂತೆ ಹರಿಯುವುದು.

4. ಕೋಳಿ ಸಿಡುಬು. ಜುಟ್ಟಿನ ಮೇಲೆ ಗಂಟುಗಳಲ್ಲದೆ ಕೆಲವು ವೇಳೆ ಗಂಟಲಿನೊಳಗೆ ಹಳದಿಯ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುವುದು.

5. ಬೂಷ್ಟು. ಬೂಷ್ಟು ಹಿಡಿದ ಹುಲ್ಲು, ಹೊಟ್ಟು, ಕಡಲೆಕಾಯಿ ಸಿಪ್ಪೆ ಇವುಗಳ ಮೇಲೆ ಮರಿಗಳನ್ನು ಬಿಟ್ಟರೆ ಬೂಷ್ಟಿನ ಕಣಗಳು ಶ್ವಾಸಕೋಶವನ್ನು ಸೇರುವುವು. ಇಲ್ಲಿ ಗೊರಗೊರ ಶಬ್ದವಿಲ್ಲದೆ ಮರಿಗಳು ಬಾಯ್ದೆರೆದು ಏದುವುವು. ಒಂದರಿಂದ ಒಂದಕ್ಕೆ ಅಂಟುವುದಿಲ್ಲ. ಹೊಟ್ಟನ್ನು ಬದಲಿಸಿದರೆ ಹೊಸದಾಗಿ ಬೀಳುವುದು ನಿಲ್ಲುವುದು.

6. ಹಿಕ್ಕೆಯ ಘಾಟು. ಗೂಡಿನಲ್ಲಿ ಹಿಕ್ಕೆಯು ಒದ್ದೆಯಾಗಿ ಕೊಳೆತರೆ ಅಮೋನಿಯಾ ಎಂಬ ಘಾಟು ಏಳುವುದು. ಮಾಲಿಕನು ಗೂಡಿನೊಳಗೆ ಕೋಳಿಯ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಬೇಕು. ತನ್ನ ಕಣ್ಣು ಉರಿದರೆ ಕೋಳಿಯ ಶ್ವಾಸನಾಳವೂ ಉರಿಯುತ್ತಿರುವುದೆಂದೇ ತಿಳಿಯಬೇಕು. ಈ ಘಾಟು ತಾನೇ ರೋಗವಲ್ಲ. ಉಳಿದ ರೋಗಗಳಿಗೆ ಬಾಗಿಲು ತೆರೆಯುವುದು.

7. ಎ ಜೀವಸತ್ವದ ಕೊರತೆ. ರಾಗಿ, ಅಕ್ಕಿನುಚ್ಚು ಇಷ್ಟರಿಂದಲೇ ಬೆಳೆದ, ಹೊರಗೆ ಮೇಯದ ಕೋಳಿಗಳಲ್ಲಿ ಕಣ್ಣು ಮೂಗು ಒಸರುವುದುಂಟು. ಗಂಟಲಿನೊಳಗೆ ಬಿಳಿಯ ಸಣ್ಣ ಗುಳ್ಳೆಗಳು ಕಾಣುವುವು. ನುಗ್ಗೆಯ ಸೊಪ್ಪು, ಕುದುರೆಮಸಾಲೆ ಸೊಪ್ಪು, ಹಳದಿಯ ಮುಸುಕಿನ ಜೋಳ ಇವುಗಳನ್ನು ಕೊಟ್ಟರೆ ಈ ಕೊರತೆ ಬಾರದು.

8. ದೀರ್ಘಕಾಲದ ಶ್ವಾಸರೋಗ. ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ರೋಗಾಣುವಿನಿಂದ ಇದು ಬರುವುದು. ಮೊಟ್ಟೆಯ ಮೂಲಕ ಸಾಗುವುದೆಂದು ಮೊದಲು ಹೇಳಿದ ರೋಗವು ಇದೇ. ಇದು ಸೋಂಕಿದ ಕೆಲವು ದಿನಗಳಿಂದ ಮೂರು ವಾರಗಳೊಳಗೆ ಮೆಲ್ಲಗೆ ತಲೆದೋರುವುದು. ದೊಡ್ಡ ಕೋಳಿಗಳು ಸಾಮಾನ್ಯವಾಗಿ ಸಾಯುವುದಿಲ್ಲ. ತಿನ್ನುವುದನ್ನೂ ಪೂರ್ತಿ ಬಿಡುವುದಿಲ್ಲ. ಸೀನು, ಗೊರಕೆ, ಕಣ್ಣಿನ ನೊರೆ, ಮೊಟ್ಟೆ ಸ್ವಲ್ಪ ಇಳಿಯುವುದು, ಇಷ್ಟೇ. ಹೀಗೆ ಸೌಮ್ಯವಾಗಿ ತೋರುವುದೇ ಇದರ ಅಪಾಯ.

ಒಂದು ಹಿಂಡಿನ ಸಂಗತಿ

ನಾನು ತಿರುಗಾಡುವ ಸೀಮೆಯಲ್ಲಿ ಒಬ್ಬ ಭೂಮಾಲಿಕರು ಎರಡು ಹುಂಜಗಳನ್ನೂ ಇಪ್ಪತ್ತೆರಡು ಹೇಂಟೆಗಳನ್ನೂ ಇಟ್ಟುಕೊಂಡಿದ್ದರು. ಅವುಗಳಲ್ಲಿ ಒಂದು ಹುಂಜವನ್ನು ಜಾತ್ರೆಯಲ್ಲಿ ಒಳ್ಳೆಯ ಬೆಲೆ ಕೊಟ್ಟು ತಂದಿದ್ದರು. ಎತ್ತರವಾದ ನಿಲುವು, ದಪ್ಪ ಕಾಲು, ಕೆಂಪು ಕಪ್ಪು ಗರಿ, ನೋಡಿದವರೆಲ್ಲರೂ ಮೆಚ್ಚುವಂತಹುದು. ಅದು ಮನೆಗೆ ಬಂದ ಮೂರನೆಯ ವಾರದಲ್ಲಿ ಹಿಂಡಿನಲ್ಲಿ ಸೀನು ಕಾಣಿಸಿತು. ಅವರು ಪೇಟೆಯಿಂದ ಒಂದು ಪುಡಿಯನ್ನು ತರಿಸಿ ನೀರಿನಲ್ಲಿ ಕೊಟ್ಟರು. ಹತ್ತು ದಿನಗಳಲ್ಲಿ ಶಬ್ದ ನಿಂತಿತು. ಆ ಮೇಲೆ ಎಂದಿನಂತೆ ಮೊಟ್ಟೆಗಳನ್ನು ಕಾವಿಗೆ ಇಟ್ಟರು.

ಈ ಬಾರಿ ಮರಿಗಳು ಚೆನ್ನಾಗಿ ಏಳಲಿಲ್ಲ. ಹಲವು ಮೊಟ್ಟೆಗಳಲ್ಲಿ ಮರಿಯು ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿತ್ತು. ಎದ್ದ ಮರಿಗಳಲ್ಲಿ ಕೆಲವು ಸೊರಗಿದುವು. ಬದುಕಿದವನ್ನು ವಾಡಿಕೆಯಂತೆ ಐದು ಮನೆಗಳವರು ಕೊಂಡುಹೋದರು. ಚಳಿಗಾಲ ಬಂದಾಗ ಆ ಐದು ಮನೆಗಳಲ್ಲಿಯೂ ಕೋಳಿಗಳು ಸೀನತೊಡಗಿದುವು. ಊರಿನವರು ಗಾಳಿಯ ದೋಷವೆಂದರು.

ನಾನು ಹೋದಾಗ ಆ ಹುಂಜವು ಅಂಗಳದ ಕಲ್ಲಿನ ಮೇಲೆ ನಿಂತು ಕೂಗುತ್ತಿತ್ತು. ಪಶುವೈದ್ಯರು ಹಿಂಡಿನ ರಕ್ತವನ್ನು ಪರೀಕ್ಷಿಸಬೇಕೆಂದು ಹೇಳಿದರು. ಹಕ್ಕಿಯ ರಕ್ತದ ತಿಳಿಯನ್ನು ಒಂದು ಹನಿ ಬಿಳಿಯ ತಟ್ಟೆಯ ಮೇಲಿಟ್ಟು, ಅದಕ್ಕೆ ಬಣ್ಣ ಹಾಕಿದ ಪರೀಕ್ಷಾದ್ರವವನ್ನು ಒಂದು ಹನಿ ಬೆರೆಸುವುದು ಈ ಪರೀಕ್ಷೆಯ ಕ್ರಮ. ಸೋಂಕಿದ್ದರೆ ಎರಡು ನಿಮಿಷದೊಳಗೆ ದ್ರವವು ಒಡೆದ ಹಾಲಿನಂತೆ ಹರಳುಗಟ್ಟುವುದು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಹಕ್ಕಿಗಳ ರಕ್ತ ಹೀಗೆ ಹರಳುಗಟ್ಟಿತು, ಹುಂಜದ್ದೂ ಹಾಗೆಯೇ.

ಮಾಲಿಕರು ಬಹಳ ಹೊತ್ತು ಸುಮ್ಮನಿದ್ದು, "ಸ್ವಾಮೀ, ಹುಂಜ ಈಗ ಚೆನ್ನಾಗಿಯೇ ಇದೆಯಲ್ಲ. ಕೂಗುತ್ತದೆ, ಕಾಳು ತಿನ್ನುತ್ತದೆ. ವಾಸಿಯಾದುದನ್ನು ತೆಗೆಯೆಂದರೆ ಹೇಗೆ?" ಎಂದು ಕೇಳಿದರು.

"ಗೌಡರೇ, ಅದು ಚೆನ್ನಾಗಿರುವುದರಿಂದಲೇ ಕಷ್ಟ ಬಂದಿರುವುದು. ಅದು ಸತ್ತಿದ್ದರೆ ತಾವೊಬ್ಬರೇ ನಷ್ಟಪಡುತ್ತಿದ್ದಿರಿ. ಬದುಕಿದುದರಿಂದ ಐದು ಮನೆಗಳು ನಷ್ಟಪಟ್ಟುವು" ಎಂದು ನಾನು ಹೇಳಬೇಕಾಯಿತು.

ಮೊಟ್ಟೆಯ ಮೂಲಕ ರೋಗವು ಸಾಗುವ ಬಗೆ

ಅವರ ಪ್ರಶ್ನೆಯು ನ್ಯಾಯವಾದುದೇ. ಮನುಷ್ಯನಿಗೆ ನೆಗಡಿ ಬಂದು ವಾಸಿಯಾದರೆ ರೋಗ ಹೋಯಿತೆಂದೇ ಅರ್ಥ. ಈ ರೋಗದಲ್ಲಿ ಹಾಗಲ್ಲ. ಲಕ್ಷಣಗಳು ಅಡಗಿದ ಮೇಲೆಯೂ ರೋಗಾಣುವು ಶ್ವಾಸನಾಳದಲ್ಲಿಯೂ ಗಾಳಿಚೀಲಗಳಲ್ಲಿಯೂ ಉಳಿಯುವುದು. ಹೇಂಟೆಯ ಅಂಡಾಶಯವೂ ಮೊಟ್ಟೆ ಇಳಿಯುವ ನಾಳವೂ ಹೊಟ್ಟೆಯ ಗಾಳಿಚೀಲಕ್ಕೆ ಹೊಂದಿಕೊಂಡೇ ಇವೆ. ಅಲ್ಲಿಂದ ರೋಗಾಣುವು ಬೆಳೆಯುತ್ತಿರುವ ಮೊಟ್ಟೆಯನ್ನು ಸೇರುವುದು. ಸೋಂಕಿದ ಮೊದಲ ಕೆಲವು ತಿಂಗಳು ಹೆಚ್ಚು ಮೊಟ್ಟೆಗಳಲ್ಲಿಯೂ, ಆ ಮೇಲೆ ಕಡಿಮೆ ಮೊಟ್ಟೆಗಳಲ್ಲಿಯೂ ಇದು ಕಂಡುಬರುವುದು. ಆದರೆ ಪೂರ್ತಿ ನಿಂತಿತೆಂದು ನಂಬುವ ಹಾಗಿಲ್ಲ. ನೂರು ಮರಿಗಳಲ್ಲಿ ಒಂದೆರಡಕ್ಕೆ ಮಾತ್ರ ರೋಗವಿದ್ದರೂ ಸಾಕು. ಒಂದೇ ಮಂಕರಿಯಡಿಯಲ್ಲಿ ಮಲಗುವ ಮರಿಗಳಿಗೆಲ್ಲಾ ಅದು ಉಸಿರಿನಿಂದ ಅಂಟುವುದು.

ಚಳಿ, ಮಳೆ, ದೂರದ ಪ್ರಯಾಣ, ಲಸಿಕೆಯ ಆಯಾಸ, ಮೇವಿನ ಬದಲಾವಣೆ, ಗೂಡಿನ ಘಾಟು, ಇವುಗಳಲ್ಲಿ ಯಾವುದಾದರೊಂದು ಒದಗಿದಾಗ ಅಡಗಿದ್ದ ರೋಗವು ಮತ್ತೆ ಏಳುವುದು. ಆಗ ಇ-ಕೋಲೈ ಎಂಬ ಬೇರೊಂದು ರೋಗಾಣುವೂ ಜೊತೆಗೂಡಿದರೆ ಸಾವುಗಳೂ ಸಂಭವಿಸುವುವು. ಜನರು ಚಳಿಯನ್ನು ದೂರುವರು. ಚಳಿಯು ಕೇವಲ ನೆಪ.

ರೋಗ ಕಂಡ ದಿನ ಮಾಡತಕ್ಕ ಕೆಲಸ

ಮೊದಲನೆಯದಾಗಿ, ಸೀನುವ ಕೋಳಿಗಳನ್ನು ಹಿಡಿದು ಬೇರೆ ಗೂಡಿನಲ್ಲಿಡಬೇಕು. ಆ ಗೂಡು ಉಳಿದ ಕೋಳಿಗಳಿಂದ ದೂರವಾಗಿಯೂ ಗಾಳಿ ಬೀಸುವ ಕಡೆಗೆ ಇಳಿಮುಖವಾಗಿಯೂ ಇರಬೇಕು. ಅವುಗಳ ನೀರಿನ ಪಾತ್ರೆ, ಕಾಳಿನ ತಟ್ಟೆಗಳು ಬೇರೆಯಾಗಿರಬೇಕು.

ಎರಡನೆಯದಾಗಿ, ಕೆಲಸದ ಕ್ರಮವನ್ನು ಗೊತ್ತುಮಾಡಬೇಕು. ಮೊದಲು ಮರಿಗಳು, ಆ ಮೇಲೆ ಆರೋಗ್ಯವಾದ ದೊಡ್ಡ ಕೋಳಿಗಳು, ಕಡೆಗೆ ರೋಗದ ಕೋಳಿಗಳು. ರೋಗದ ಗೂಡಿಗೆ ಹೋಗುವ ಚಪ್ಪಲಿಯನ್ನು ಅಲ್ಲಿಯೇ ಬಿಡಬೇಕು. ಕೈಯನ್ನು ಸೋಪಿನಿಂದ ತೊಳೆಯಬೇಕು. ಈ ರೋಗಾಣುವು ಹಕ್ಕಿಯ ದೇಹದ ಹೊರಗೆ ಕೆಲವು ದಿನಗಳು ಮಾತ್ರ ಬದುಕಬಲ್ಲದು. ಬಿಸಿಲೂ ಸುಣ್ಣವೂ ಸೋಪೂ ಅದನ್ನು ಸುಲಭವಾಗಿ ಕೊಲ್ಲುವುವು. ಆದರೆ ಆ ಕೆಲವು ದಿನಗಳಲ್ಲಿ ಬಟ್ಟೆಯ ಮೇಲೆಯೂ ಗರಿಯ ಮೇಲೆಯೂ ಕುಳಿತು ನೆರೆಮನೆಗೆ ಹೋಗಬಲ್ಲದು.

ಮೂರನೆಯದಾಗಿ, ಮೊಟ್ಟೆಗಳನ್ನು ಕಾವಿಗೆ ಇಡುವುದನ್ನು ಆ ದಿನದಿಂದಲೇ ನಿಲ್ಲಿಸಬೇಕು. ಕೋಳಿ, ಮರಿ, ಕಾವಿನ ಮೊಟ್ಟೆ ಯಾವುದೂ ಮನೆಯಿಂದ ಹೊರಗೆ ಹೋಗಕೂಡದು. ಹೊರಗಿನಿಂದ ಒಳಕ್ಕೂ ಬರಕೂಡದು.

ನಾಲ್ಕನೆಯದಾಗಿ, ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಒಂದೆರಡು ದಿನಗಳಲ್ಲಿಯೇ ಅನೇಕ ಕೋಳಿಗಳು ಸತ್ತರೆ, ಜುಟ್ಟು ನೀಲಿಯಾದರೆ, ತಲೆ ಕಾಲುಗಳು ಊದಿದರೆ, ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬಾರದು, ಕೊಯ್ದು ನೋಡಬಾರದು, ತಿನ್ನಲೂಬಾರದು. ಅದು ಹಕ್ಕಿಜ್ವರವಾಗಿರಬಹುದು. ಆ ರೋಗವು ನಮ್ಮ ದೇಶದಲ್ಲಿ ಮೊದಲು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಂಡುಬಂದಿತು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ ತಲೆದೋರಿತು. ಮನುಷ್ಯರಿಗೂ ಅಂಟಬಲ್ಲ ರೋಗವಾದುದರಿಂದ ಇದರಲ್ಲಿ ಅಸಡ್ಡೆ ಸಲ್ಲದು.

ಔಷಧದ ವಿಷಯ

ದೀರ್ಘಕಾಲದ ಶ್ವಾಸರೋಗಕ್ಕೆ ಟೈಲೋಸಿನ್, ಟಯಾಮುಲಿನ್, ಡಾಕ್ಸಿಸೈಕ್ಲಿನ್ ಮೊದಲಾದ ಔಷಧಗಳುಂಟು. ಪೆನ್ಸಿಲಿನ್ ಇದಕ್ಕೆ ನಿಷ್ಪ್ರಯೋಜಕ. ಪೆನ್ಸಿಲಿನ್ನು ರೋಗಾಣುವಿನ ಗೋಡೆಯನ್ನು ಕೆಡಿಸಿ ಕೊಲ್ಲುವ ಔಷಧ; ಮೈಕೋಪ್ಲಾಸ್ಮಾಕ್ಕೆ ಅಂತಹ ಗೋಡೆಯೇ ಇಲ್ಲ. ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಬೇಕು. ಮಾಲಿಕರು ನೆನಪಿನಲ್ಲಿಡಬೇಕಾದ ಮಾತುಗಳು ನಾಲ್ಕು.

ಟಯಾಮುಲಿನ್ ಔಷಧವನ್ನು ಕೊಡುವಾಗ ಚೀಲದ ಮೇವಿನಲ್ಲಿ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ರಕ್ತಭೇದಿ ತಡೆಯುವ ಪದಾರ್ಥಗಳು ಸೇರಿವೆಯೇ ಎಂದು ಚೀಟಿಯನ್ನು ನೋಡಬೇಕು. ಇವೆರಡೂ ಒಟ್ಟಿಗೆ ಹೋದರೆ ಕೋಳಿಗಳು ಕಾಲು ಬಿದ್ದು ಸಾಯುವುದುಂಟು. ಡಾಕ್ಸಿಸೈಕ್ಲಿನ್ ಮತ್ತು ಅದರ ಜಾತಿಯ ಔಷಧಗಳು ಸುಣ್ಣದ ಅಂಶ ಹೆಚ್ಚಾದ ಗಡಸು ನೀರಿನಲ್ಲಿ ಬಲಗುಂದುವುವು. ಔಷಧವನ್ನು ಅರ್ಧಕ್ಕೆ ನಿಲ್ಲಿಸಿದರೆ ರೋಗಾಣುವು ಆ ಔಷಧಕ್ಕೆ ಒಗ್ಗಿಕೊಳ್ಳುವುದು. ಔಷಧ ಕೊಡುತ್ತಿರುವಾಗಲೂ, ಅದು ಮುಗಿದ ಮೇಲೆ ವೈದ್ಯರು ಹೇಳುವಷ್ಟು ದಿನಗಳೂ, ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ತಿನ್ನಲೂ ಮಾರಲೂ ಬಾರದು.

ಇಷ್ಟೆಲ್ಲಾ ಮಾಡಿದರೂ ಔಷಧವು ರೋಗವನ್ನು ಅಡಗಿಸುವುದೇ ಹೊರತು ಕೀಳುವುದಿಲ್ಲ. ಮೊಟ್ಟೆಗಾಗಿ ಸಾಕುವವನಿಗೆ ಅಷ್ಟು ಸಾಕಾಗಬಹುದು. ತಳಿಗಾಗಿ ಸಾಕುವವನಿಗೆ ಸಾಲದು.

ಹಿಂಡನ್ನು ಏನು ಮಾಡಬೇಕು?

ಪರೀಕ್ಷೆಯಲ್ಲಿ ರೋಗವು ಸಿದ್ಧಪಟ್ಟ ಮೇಲೆ ಮಾಲಿಕರಿಗೆ ಮೂರು ದಾರಿಗಳಿವೆ. ಹರಳುಗಟ್ಟಿದ ಹಕ್ಕಿಗಳನ್ನು ಮಾತ್ರ ತೆಗೆದು ಉಳಿದವನ್ನು ಇಟ್ಟುಕೊಳ್ಳುವೆನೆಂಬುದು ದಾರಿಯಲ್ಲ. ಹೊಸದಾಗಿ ಸೋಂಕಿದ ಹಕ್ಕಿಯ ರಕ್ತದಲ್ಲಿ ಗುರುತು ಕಾಣುವುದಕ್ಕೆ ದಿನಗಳು ಹಿಡಿಯುವುವು. ಆದುದರಿಂದ ಒಂದು ಗೂಡಿನ ಹಿಂಡನ್ನು ಒಂದೇ ಹಕ್ಕಿಯೆಂಬಂತೆ ಎಣಿಸಬೇಕು. ಇದಲ್ಲದೆ, ಇತರ ಲಸಿಕೆ ಹಾಕಿದ ಕೆಲವು ವಾರಗಳವರೆಗೆ ಈ ಪರೀಕ್ಷೆಯು ತಪ್ಪು ಸೂಚನೆ ಕೊಡುವುದುಂಟು. ಅಂತಹ ಸಂದೇಹವಿದ್ದರೆ ಮೂರು ನಾಲ್ಕು ವಾರಗಳ ನಂತರ ಎರಡನೆಯ ಸಲ ಪರೀಕ್ಷಿಸಿ ನಿಶ್ಚಯಿಸತಕ್ಕದ್ದು.

ಮೊದಲನೆಯ ದಾರಿಯು ಹಿಂಡನ್ನು ಪೂರ್ತಿ ತೆಗೆದುಬಿಡುವುದು. ಈ ರೋಗವು ಮನುಷ್ಯರಿಗೆ ಅಂಟುವುದಿಲ್ಲ. ಔಷಧದ ಅವಧಿ ಕಳೆದ, ಮೈಯಲ್ಲಿ ಚೆನ್ನಾಗಿರುವ ಹಕ್ಕಿಗಳನ್ನು ಅಡಿಗೆಗೆ ಬಳಸಬಹುದು. ಆದರೆ ಜೀವಂತವಾಗಿ ಸಂತೆಗೆ ಕಳುಹಿಸಕೂಡದು. ಸಣ್ಣ ಹಿಂಡಿಗೆ ಇದೇ ಕಡಿಮೆ ಖರ್ಚಿನ, ನಿಶ್ಚಯವಾದ ಮಾರ್ಗ.

ಎರಡನೆಯದು ಹಿಂಡನ್ನು ಉಳಿಸಿಕೊಂಡು ತಳಿಯ ಕೆಲಸವನ್ನು ಬಿಟ್ಟುಬಿಡುವುದು. ಮೊಟ್ಟೆಗಳನ್ನು ತಿನ್ನುವುದಕ್ಕೆ ಮಾತ್ರ ಬಳಸಿ, ಒಂದು ಮರಿಯನ್ನೂ ಹೊರಗೆ ಕೊಡದೆ, ಆ ಕೋಳಿಗಳು ಮುಗಿಯುವವರೆಗೆ ಕಾಯುವುದು. ನೆರೆಹೊರೆಯ ಕೋಳಿಗಳೊಡನೆ ಬೆರೆಯದಂತೆ ಬೇಲಿಯಿದ್ದರೆ ಮಾತ್ರ ಇದು ಸಾಧ್ಯ.

ಮೂರನೆಯದು ಬೇರೆಲ್ಲಿಯೂ ದೊರೆಯದ ತಳಿಯನ್ನು ಉಳಿಸಬೇಕಾದಾಗ ಮಾತ್ರ ಹಿಡಿಯತಕ್ಕ ಮಾರ್ಗ. ಮೊಟ್ಟೆಗಳನ್ನು ಕಾವಿಗೆ ಇಡುವ ಮೊದಲು ಯಂತ್ರದಲ್ಲಿ 12ರಿಂದ 14 ಗಂಟೆಗಳ ಕಾಲ ಮೆಲ್ಲಗೆ ಕಾಯಿಸಿ, ಒಳಭಾಗದ ಶಾಖವು ಸುಮಾರು 46 ಡಿಗ್ರಿ ಸೆಂಟಿಗ್ರೇಡಿಗೆ ಏರುವಂತೆ ಮಾಡುವರು. ರೋಗಾಣುವು ಸಾಯುವುದು, ಭ್ರೂಣಗಳಲ್ಲಿ ಹೆಚ್ಚಿನವು ಉಳಿಯುವುವು, ಕೆಲವು ಸಾಯುವುವು. ಎದ್ದ ಮರಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ದೂರದೂರದಲ್ಲಿ ಬೆಳೆಸಿ, ಆಗಾಗ್ಗೆ ರಕ್ತ ಪರೀಕ್ಷೆ ಮಾಡಿ, ಸೋಂಕು ಕಂಡ ಗುಂಪನ್ನು ಪೂರ್ತಿ ತೆಗೆದುಹಾಕಬೇಕು. ಶಾಖವು ಸ್ವಲ್ಪ ಹೆಚ್ಚು ಕಡಿಮೆಯಾದರೂ ಕೆಲಸ ಕೆಡುವುದರಿಂದ ಇದನ್ನು ತಜ್ಞರ ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲಿ ಮಾಡತಕ್ಕದ್ದಲ್ಲ.

ಹೊಸ ಹಿಂಡನ್ನು ಕಟ್ಟುವ ಕ್ರಮ

ಹಳೆಯ ಗೂಡಿನ ಹೊಟ್ಟನ್ನೂ ಹಿಕ್ಕೆಯನ್ನೂ ತೆಗೆದು ದೂರದ ಗೊಬ್ಬರದ ಗುಂಡಿಯಲ್ಲಿ ಮಣ್ಣು ಮುಚ್ಚಿ ಕೊಳೆಯಿಸಬೇಕು. ಲೀಟರಿಗೆ ನಲವತ್ತು ಗ್ರಾಂ ವಾಷಿಂಗ್ ಸೋಡವನ್ನು ಬಿಸಿನೀರಿನಲ್ಲಿ ಕರಗಿಸಿ ನೆಲ, ಅಡ್ಡಕೋಲು, ಮಂಕರಿ, ಪಾತ್ರೆಗಳನ್ನು ಉಜ್ಜಿ ತೊಳೆಯಬೇಕು. ಕೊಳೆಯನ್ನು ತೆಗೆಯದೆ ಮೇಲೆ ಔಷಧ ಚಿಮುಕಿಸುವುದರಿಂದ ಉಪಯೋಗವಿಲ್ಲ. ಗೋಡೆಗೆ ಸುಣ್ಣ ಬಳಿದು, ಒಂದು ತಿಂಗಳು ಗೂಡನ್ನು ಬರಿದಾಗಿ ಬಿಸಿಲು ಗಾಳಿಗೆ ಬಿಡಬೇಕು.

ಹೊಸ ಕೋಳಿಗಳನ್ನು ಜಾತ್ರೆ ಸಂತೆಗಳಲ್ಲಿ ಕೊಳ್ಳಬಾರದು. ಅಲ್ಲಿ ಹತ್ತು ಊರಿನ ಕೋಳಿಗಳು ಒಂದೇ ಬುಟ್ಟಿಯಲ್ಲಿ ಉಸಿರಾಡಿರುತ್ತವೆ. ತಾಯಿ ಹಿಂಡಿನ ಪರೀಕ್ಷೆಯಾಗಿರುವ ಸ್ಥಳದಿಂದ ಒಂದು ದಿನದ ಮರಿಗಳನ್ನು ತರುವುದು ಉತ್ತಮ. ದೊಡ್ಡ ಹಕ್ಕಿಯನ್ನೇ ತರಬೇಕಾದರೆ ಮೂವತ್ತು ದಿನ ಬೇರೆಯಿಟ್ಟು, ಆ ಅವಧಿಯಲ್ಲಿ ಹಿಂಡಿನಿಂದ ಕಡಿಮೆ ಬೆಲೆಯ ಎರಡು ಹ್ಯಾಟೆಗಳನ್ನು ಅದರ ಜೊತೆಗೆ ಬಿಡಬೇಕು. ಹೊಸ ಹಕ್ಕಿಯು ರೋಗವನ್ನು ಅಡಗಿಸಿಕೊಂಡಿದ್ದರೆ ಈ ಎರಡರಲ್ಲಿ ಅದು ಹೊರಬೀಳುವುದು. ಕೊನೆಯಲ್ಲಿ ಮೂರರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. ಮೇಲೆ ಹೇಳಿದ ಮಾಲಿಕರು ಹುಂಜಕ್ಕೆ ಕೊಟ್ಟ ಬೆಲೆಗೆ ಈ ಎರಡು ಹ್ಯಾಟೆಗಳ ಬೆಲೆ ಏನೇನೂ ಅಲ್ಲ.

ಗೂಡಿನಲ್ಲಿ ಒಂದೊಂದು ಹಕ್ಕಿಗೆ ಎರಡರಿಂದ ಮೂರು ಚದರಡಿ ಸ್ಥಳವಿರಲಿ. ಭತ್ತದ ಹೊಟ್ಟನ್ನು ಮೂರು ನಾಲ್ಕು ಅಂಗುಲ ಹಾಸಿ, ಆಗಾಗ್ಗೆ ಕೆದರಿ, ಒದ್ದೆಯಾದುದನ್ನು ತೆಗೆದುಬಿಡಿ. ಚಳಿಗೆ ಹೆದರಿ ಗೂಡಿನ ಕಿಂಡಿಗಳನ್ನೆಲ್ಲಾ ಗೋಣಿಯಿಂದ ಮುಚ್ಚುವುದು ನಮ್ಮವರ ರೂಢಿ. ಗಾಳಿಯು ಕೋಳಿಯ ಮೇಲೆ ನೇರವಾಗಿ ಬೀಸದಂತೆ ಕೆಳಭಾಗವನ್ನು ಮುಚ್ಚಿ, ಘಾಟು ಹೊರಹೋಗುವಂತೆ ಮೇಲ್ಭಾಗವನ್ನು ತೆರೆದಿಡುವುದೇ ಸರಿಯಾದ ಕ್ರಮ.

ಕೊಕ್ಕರೆ ರೋಗದ ಲಸಿಕೆಯನ್ನು ತಪ್ಪಿಸಬಾರದು. ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣು ಅಥವಾ ಮೂಗಿನಲ್ಲಿ ಹನಿಯಾಗಿ ಎಫ್ ಅಥವಾ ಲಸೋಟ ಲಸಿಕೆಯನ್ನೂ, ಸುಮಾರು ಎಂಟನೆಯ ವಾರದಲ್ಲಿ ಆರ್-ಟು-ಬಿ ಚುಚ್ಚುಮದ್ದನ್ನೂ ಕೊಡುವುದು ವಾಡಿಕೆ. ಮೈಕೋಪ್ಲಾಸ್ಮಾ ಇರುವ ಹಿಂಡಿನಲ್ಲಿ ಜೀವಂತ ಲಸಿಕೆಯು ಸೀನನ್ನು ಹೆಚ್ಚಿಸುವುದುಂಟಾದುದರಿಂದ, ರೋಗದ ಹಿಂಡಿಗೆ ಲಸಿಕೆಯ ಕಾಲವನ್ನು ವೈದ್ಯರೊಡನೆ ಆಲೋಚಿಸಿ ಗೊತ್ತುಮಾಡಬೇಕು.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಪ್ರಾಣಿಗಳ ಅಂಟುರೋಗಗಳನ್ನು ತಡೆಯಲು 2009ರಲ್ಲಿ ಕೇಂದ್ರ ಸರ್ಕಾರದ ಕಾಯಿದೆಯೊಂದು ಆಗಿದೆ. ಅದರ ಪಟ್ಟಿಯಲ್ಲಿ ಹಕ್ಕಿಜ್ವರ, ರಾಣಿಖೇತ್ ರೋಗ, ಮೈಕೋಪ್ಲಾಸ್ಮಾ ರೋಗ ಇವೆಲ್ಲವೂ ಸೇರಿವೆ. ಪಟ್ಟಿಯ ರೋಗವಿದೆಯೆಂದು ತೋರಿದರೆ ಮಾಲಿಕನು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸಬೇಕೆಂದೂ, ಅಲ್ಲಿಂದ ಹತ್ತಿರದ ಪಶುವೈದ್ಯರಿಗೆ ವರದಿ ಹೋಗಬೇಕೆಂದೂ ಅದರಲ್ಲಿ ವಿಧಿಸಿದೆ. ಕಾಯಿದೆಯು ಹೀಗಿದ್ದರೂ ಬಡವನೊಬ್ಬನು ತನ್ನ ನಾಲ್ಕು ಕೋಳಿಗಳ ರೋಗವನ್ನು ಹೇಳಿಕೊಳ್ಳಲು ಹಿಂಜರಿಯುವನು. ಹೇಳಿದರೆ ತನ್ನ ಕೋಳಿಗಳನ್ನು ಯಾರೂ ಕೊಳ್ಳರೆಂದು ಹೆದರುವನು. ಊರಿನ ದೊಡ್ಡವರು ತಮ್ಮ ಹಿಂಡಿನ ರೋಗವನ್ನು ಮೊದಲು ತಾವೇ ಹೇಳಿಕೊಂಡರೆ ಆ ಹೆದರಿಕೆಯು ಹೋಗುವುದು.

ಮೇಲೆ ಹೇಳಿದ ಮಾಲಿಕರು ಹಾಗೆಯೇ ಮಾಡಿದರು. ಔಷಧದ ಅವಧಿಯು ಕಳೆದ ಮೇಲೆ ಹಿಂಡನ್ನು ಪೂರ್ತಿ ತೆಗೆದರು, ಹುಂಜವನ್ನೂ ಬಿಡಲಿಲ್ಲ. ಆ ಮೇಲೆ ತಾವೇ ಆ ಐದು ಮನೆಗಳಿಗೂ ಹೋಗಿ, "ನಮ್ಮ ಮನೆಯ ಮರಿಯಿಂದಲೇ ನಿಮಗೆ ಈ ರೋಗ ಬಂದದ್ದು. ನೀವೂ ಕಾವಿಗೆ ಇಡಬೇಡಿ. ಹೊಸ ಮರಿಗಳು ಬಂದಾಗ ಮೊದಲು ನಿಮಗೇ ಕೊಡುತ್ತೇನೆ" ಎಂದು ಹೇಳಿ ಬಂದರು. ಒಂದು ಮನೆಯವರು ಮುಖ ತಿರುಗಿಸಿದರೆಂದೂ, ಉಳಿದ ನಾಲ್ವರು ಒಪ್ಪಿದರೆಂದೂ ಅವರೇ ನನಗೆ ತಿಳಿಸಿದರು. ಮುಂದಿನ ವರ್ಷ ಪರೀಕ್ಷೆಯಾದ ಹಿಂಡಿನಿಂದ ಮರಿಗಳನ್ನು ತರಿಸಿ ಬೆಳೆಸಿದರು. ಮಾತಿನಂತೆ ಆ ಮನೆಗಳಿಗೂ ಕೊಟ್ಟರು, ಮುಖ ತಿರುಗಿಸಿದವರಿಗೂ ಕೊಟ್ಟರು. ನಾನು ಮತ್ತೊಮ್ಮೆ ಹೋದಾಗ ರಾತ್ರಿಯಾಗಿತ್ತು. ಅವರು ದೀಪವನ್ನು ಜಗಲಿಯ ಮೇಲೆಯೇ ಇಟ್ಟು ನನ್ನನ್ನು ಗೂಡಿನ ಬಳಿಗೆ ಕರೆದುಕೊಂಡು ಹೋದರು. ಇಬ್ಬರೂ ಐದು ನಿಮಿಷ ನಿಂತು ಕೇಳಿದೆವು. ಯಾವ ಶಬ್ದವೂ ಇರಲಿಲ್ಲ.

ಸಾರಾಂಶ

1. ವಾರಕ್ಕೊಮ್ಮೆ ರಾತ್ರಿಯಲ್ಲಿ ಗೂಡಿನ ಬಳಿ ನಿಂತು ಕೋಳಿಗಳ ಉಸಿರನ್ನು ಕೇಳಿರಿ.
2. ಸೀನು ಕಂಡ ದಿನದಿಂದಲೇ ಮೊಟ್ಟೆಯನ್ನು ಕಾವಿಗೆ ಇಡುವುದನ್ನೂ ಕೋಳಿ ಮರಿಗಳನ್ನು ಕೊಡುವುದನ್ನೂ ನಿಲ್ಲಿಸಿರಿ.
3. ಔಷಧವನ್ನು ಪಶುವೈದ್ಯರ ಮಾತಿನಂತೆ ಪೂರ್ತಿ ಕೊಡಿರಿ. ಆದರೆ ಶಬ್ದ ನಿಂತುದನ್ನು ರೋಗ ಹೋದುದೆಂದು ತಿಳಿಯಬೇಡಿರಿ.
4. ರಕ್ತ ಪರೀಕ್ಷೆಯಾಗದೆ ವಾಸಿಯಾದ ಕೋಳಿಯನ್ನು ತಳಿಗೆ ಬಳಸಬೇಡಿರಿ; ಅದೆಷ್ಟು ಚೆಲುವಾದ ಹುಂಜವಾದರೂ ಸರಿಯೆ.
5. ಹೊಸ ಹಕ್ಕಿಯನ್ನು ಮೂವತ್ತು ದಿನ ಬೇರೆ ಇಡಿರಿ.
6. ರೋಗವನ್ನು ಮುಚ್ಚಿಡದೆ ಪಂಚಾಯತಿಗೂ ಪಶುವೈದ್ಯರಿಗೂ ನೆರೆಹೊರೆಯವರಿಗೂ ತಿಳಿಸಿರಿ.